ಟೆಲಿಕಾಂ ಕಾಯ್ದೆ ನಮ್ಮ ವಿಧಾನಸೌಧದಾಗ ತಿದ್ದಲಿಕ್ಕಿ ಬರ್ತದೇನ್ರಿ? ಮನವಿ ಕೊಡೋ ಮುಂಚೆ ಕೇಳ್ಲತೀನಿ

ಚಿಂಚೋಳಿ_ಹುಡುಗ:
ಎಲ್ಲರಿಗೂ ಶರಣ್ರಿ. ನಮ್ಮದು ಚಿಂಚೋಳಿ ತಾಲೂಕು, ಕಾಡಿನ ಅಂಚಿಗಿ ಒಂದು ಸಣ್ಣ ಊರು, ಬಾಜೂಕ ಎರಡು ತಾಂಡಾ ಅವ. ಮೂರೂ ಕೂಡಿ ನೆಟ್ವರ್ಕ್ ಸಿಗೋ ಜಾಗ ಎರಡೇ, ಹನುಮಪ್ಪನ ಗುಡಿ ಕಟ್ಟಿ ಮತ್ತ ನೀರಿನ ಟಾಕಿ ಬುಡಕ. ರೇಷನ್ ಕೊಡೋ ದಿನ ಅಂಗಡಿಯಾತ ಹೆಬ್ಬೆಟ್ಟಿನ ಮಷಿನ್ ಹಿಡ್ಕೊಂಡು ಟಾಕಿ ಕಡಿ ನಡೀತಾನ, ಮಂದಿ ಚೀಲ ಹಿಡ್ಕೊಂಡು ಅವನ ಹಿಂದ, ನೋಡಿದೋರು ಜಾತ್ರಿಗಿ ಹೊಂಟಾರ ಅನ್ಕೋಬೇಕು ಹಂಗ. ನರೇಗಾ ಹಾಜರಿ 2023 ಜನವರಿಯಿಂದ ಆ್ಯಪ್‌ನಾಗೇ ಕಡ್ಡಾಯ ಮಾಡಿದ ಮ್ಯಾಲ ಕೂಲಿಗಳ ಹಾಜರಿ ನೋಡ್ಕೊಳ್ಳೋ ಮೇಟ್ ಫೋಟೋ ತಗದು ಅದು ಏರಲಿ ಅಂತ ಗಾಡಿ ತಗೊಂಡು ಮೂರು ಕಿಲೋಮೀಟರ್ ಹೋಗ್ತಾಳ, ಏರಲಿಲ್ಲಂದ್ರ ಆ ದಿನದ ಕೂಲಿ ಗೋವಿಂದ.

ಅದಕ್ಕ ಊರ ಹುಡುಗರೆಲ್ಲ ಕೂಡಿ ಶಾಸಕರಿಗಿ ಮನವಿ ಬರ್ದೀವಿ. "ರಾಜ್ಯ ಸರ್ಕಾರ ಟೆಲಿಕಾಂ ಕಾನೂನು ತಿದ್ದಬೇಕು, ಹಳ್ಳಿಗಿ ಟವರ್ ಹಾಕದ ಕಂಪನಿಗಿ ದಂಡ ಹಾಕಬೇಕು" ಅಂತ ಅದ ಅದ್ರಾಗ. ನಮ್ಮ ಮಾವ ಓದಿ ನಕ್ಕುಬಿಟ್ರು, ಇದು ಶಾಸಕರ ಕೈಯಾಗಿಲ್ಲಲೇ ಅಂದ್ರು. ಖರೇ ಏನ್ರಿ? ನಮ್ಮ ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಅದಲ್ಲ, ಅದ್ರ ಕೆಳಗಾದ್ರೂ ಆಗಂಗಿಲ್ಲೇನು?

ತೊಗರಿ_ಬ್ಯಾಳಿ:
ಮಾವ ಶಾಣ್ಯಾ ಅದಾರ. ನಾನು ಕಲಬುರಗಿ ಸಿಟಿ ನಡುವೇ ಇರಾಂವ, ನನಗೂ ಫೋನ್ ಬಂದ್ರ ಹಲೋ ಹಲೋ ಅನ್ಕೋತ ಮಾಳಿಗಿ ಹತ್ತಬೇಕು. 5ಜಿ ಅಂತ ಮ್ಯಾಲ ತೋರಸ್ತದ, ಮಾತು ಮಾತ್ರ ಬಾವ್ಯಾಗಿಂದ ಬಂದಂಗ ಬರ್ತದ.

ಕರಿಕೋಟು_ಕಲಬುರಗಿ:
ತಮ್ಮಾ, ನಿಮ್ಮ ಮಾವ ಹೇಳಿದ್ದು ಅರ್ಧ ಖರೇ. ಸಂವಿಧಾನದ 7ನೇ ಅನುಸೂಚಿ ಒಂದನೇ ಪಟ್ಟಿ 31ನೇ ನಮೂದು ನೋಡು, ಅಂಚೆ, ತಂತಿ, ಟೆಲಿಫೋನು, ವೈರ್‌ಲೆಸ್ಸು, ಪ್ರಸಾರ ಎಲ್ಲ ಕೇಂದ್ರದ ಪಟ್ಟಿಯಾಗ ಅದಾವ. ವಿಧಾನಸಭೆ ಇದ್ರ ಮ್ಯಾಲ ಕಾಯ್ದೆ ಮಾಡಿದ್ರ ಕೋರ್ಟಿನಾಗ ಒಂದು ದಿನ ನಿಲ್ಲಂಗಿಲ್ಲ. 371ಜೆ ಶಿಕ್ಷಣದ ಸೀಟು, ನೌಕರಿ, ಅಭಿವೃದ್ಧಿ ಮಂಡಳಿ ಸಲುವಾಗಿ ಬಂದದ್ದು, ಕೇಂದ್ರದ ಪಟ್ಟಿ ನಮಗ ತಂದುಕೊಡಂಗಿಲ್ಲ.

ಇನ್ನ ನೀ ತಿದ್ದಬೇಕು ಅನ್ಲತ್ತಿರೋ ಹಳೇ ಕಾನೂನು ಆಗ್ಲೇ ಹೋಗ್ಯದ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡರ ಜಾಗದಾಗ 2023ರ ದೂರಸಂಪರ್ಕ ಕಾಯ್ದೆ ಬಂದದ. ಡಿಸೆಂಬರ್ 24, 2023ಕ್ಕ ರಾಷ್ಟ್ರಪತಿ ಅಂಕಿತ ಬಿತ್ತು, 2024 ಜೂನ್ 26ರಿಂದ ಒಂದಿಷ್ಟು ಕಲಂ, ಜುಲೈ 5ರಿಂದ ಒಂದಿಷ್ಟು ಕಲಂ, ಹಿಂಗ ಕಂತಿನ ಮ್ಯಾಲ ಜಾರಿ ಮಾಡ್ಲತಾರ. ಟೆಲಿಗ್ರಾಂ ಸೇವೆ 2013 ಜುಲೈದಾಗೇ ಬಂದಾಯ್ತು, ಟೆಲಿಗ್ರಾಫ್ ಕಾಯ್ದೆ ಮಾತ್ರ ಅದಾದ ಮ್ಯಾಲೂ ಹತ್ತು ವರ್ಷ ಉಸಿರಾಡ್ತು.

ಅರ್ಧ ಖರೇ ಅಂದ್ನಲ್ಲ, ಉಳಿದರ್ಧ ಇದು. ಸಿಗ್ನಲ್ ಕೇಂದ್ರದ್ದು ಇರಬಹುದು, ಆದ್ರ ಟವರ್ ನಿಲ್ಲೋ ನೆಲ, ಕೇಬಲ್ ಹಾಯೋ ರಸ್ತಾ, ನೇತಾಡೋ ಕಂಬ, ಮೋರಿ, ಪಂಚಾಯಿತಿ ಜಾಗ ಇವೆಲ್ಲ ರಾಜ್ಯದ ಕೈಯಾಗ ಅದಾವ. ಹೊಸ ಕಾಯ್ದೆ ಕೆಳಗ ದಾರಿ ಹಕ್ಕಿನ (ರೈಟ್ ಆಫ್ ವೇ) ನಿಯಮ 2024 ಅಂತ ಮಾಡಿ 2025 ಜನವರಿ 1ರಿಂದ ಜಾರಿಗಿ ತಂದಾರ. ಸರ್ಕಾರಿ ಜಾಗಕ್ಕ ಅರ್ಜಿ ಬಂದ್ರ ಆ ಜಾಗದ ಇಲಾಖೆ ಅಥವಾ ಸ್ಥಳೀಯ ಸಂಸ್ಥೆ ಹೆಚ್ಚಂದ್ರ 67 ದಿನದೊಳಗ ಹೂಂ ಇಲ್ಲಾ ಊಹೂಂ ಅನ್ನಬೇಕು, ಬಾಯಿ ಮುಚ್ಚಿ ಕುಂತ್ರ ಒಪ್ಪಿಗಿ ಕೊಟ್ಟಂಗೇ ಲೆಕ್ಕ. ಹಂಗಾಗಿ ನಿನ್ನ ಮನವಿ ಬೆಂಗಳೂರಿಗಿ ಹೋಗೋ ಮುಂಚೆ ನಿಮ್ಮ ಊರ ಅರ್ಜಿ ಯಾವ ಟೇಬಲ್ ಮ್ಯಾಲ ಮಲಗ್ಯದ ಅಂತ ಹುಡುಕು.

ಚಿಂಚೋಳಿ_ಹುಡುಗ:
ವಕೀಲ್ ಸಾಹೇಬ್ರ, ಅರ್ಜಿ ಅದನೋ ಇಲ್ಲೋ ಅದೇ ಗೊತ್ತಿಲ್ರಿ ನಮಗ. ಹಿಂದೊಮ್ಮಿ ಇಬ್ಬರು ಬಂದು ಊರ ಹೊರಗ ಅಳತಿ ಮಾಡ್ಕೊಂಡು ಹೋದ್ರು, ಚಾ ಕುಡದು ಫೋಟೋ ತಗದು ಹೋದೋರು ಮತ್ತ ಈ ಕಡಿ ಮಾರಿ ಹಾಕಿಲ್ಲ. ಕಾಡಿಂದು ಏನೋ ತಕರಾರು ಅಂತ ಸುದ್ದಿ.

ಫೈಬರ್_ಕಾಕಾ:
ಇರ್ತದಪ್ಪ ಇರ್ತದ. ಚಿಂಚೋಳಿ ಕಾಡು 2011ರಾಗ ವನ್ಯಜೀವಿ ಧಾಮ ಆಯ್ತು, ಅದ್ರ ಗಡಿ ಒಳಗ ಒಂದು ಕಂಬ ನೆಡಬೇಕಂದ್ರೂ ಅರಣ್ಯ ಇಲಾಖೆ ದಾರಿ ಬ್ಯಾರೇನೇ. 67 ದಿನದ ಲೆಕ್ಕ ಅಲ್ಲಿ ನಡೆಯಂಗಿಲ್ಲ. ನಿಮ್ಮ ಜಾಗ ಗಡಿ ಒಳಗ ಬರ್ತದೋ ಹೊರಗೋ ಅನ್ನೋದು ಮೊದಲು ಸರ್ವೇ ನಂಬರ್ ಹಿಡಿದು ನೋಡ್ರಿ. ಹೊರಗಿದ್ರ ನಿಮ್ಮ ಅರ್ಧ ಹಣೆಬರಹ ಛಲೋ ಅದ.

ನಾನು ಲೈನ್ ಮ್ಯಾಲ ಮೂವತ್ತು ವರ್ಷ ದುಡಿದು ರಿಟೈರ್ ಆದೋನು. ಮಂದಿ ತಿಳ್ಕೊಂಡಿದ್ದು ಟವರ್ ನಿಂತ್ರ ನೆಟ್ವರ್ಕ್ ಬಂತು ಅಂತ. ಟವರ್ ಬರೀ ಕಬ್ಬಿಣ. ಅದಕ್ಕ ಕರೆಂಟ್ ಬೇಕು, ಕರೆಂಟ್ ಹೋದಾಗ ಬ್ಯಾಟರಿ ಬೇಕು, ಬ್ಯಾಟರಿ ಕಳ್ಳರು ಒಯ್ದ್ರ ಜನರೇಟರ್ ಬೇಕು, ಜನರೇಟರ್‌ಗಿ ಡೀಸೆಲ್ ಹಾಕೋ ಹುಡುಗ ಬೇಕು. ಮ್ಯಾಲ ಟವರಿಂದ ಸಿಟಿಗಿ ಕೂಡ್ಸೋ ಓಎಫ್‌ಸಿ, ಅಂದ್ರ ಫೈಬರ್ ಕೇಬಲ್ ಬೇಕು. ನಮ್ಮ ಕಡಿ ನೆಲ ಅಂಥಿಂಥಾದ್ದಲ್ಲ, ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ಬಿಡ್ತದ, ಮಳಿಗಾಲದಾಗ ಉಬ್ಬತದ, ಕಂಬ ಕುಡದೋರಂಗ ವಾಲತಾವ. ಶಹಾಬಾದ ಸೇಡಂ ಕಡಿ ಹೋದ್ರಂತೂ ಒಂದು ಗೇಣು ಕೆಳಗೇ ಫರ್ಸಿ ಕಲ್ಲು. ಇಷ್ಟೆಲ್ಲಾ ಮಾಡಿ ಕೇಬಲ್ ಹಾಕಿ ಮನಿಗಿ ಬಂದು ಊಟಕ್ಕ ಕುಂತಿರಬೇಕು, ಅಷ್ಟರಾಗ ಫೋನು, ಕಾಕಾ ಕಟ್ ಆಗ್ಯದ. ಹೋಗಿ ನೋಡಿದ್ರ ನಲ್ಲಿ ಪೈಪಿಗಿ ತಗ್ಗು ತೋಡೋ ಜೆಸಿಬಿ ನಿಂತಿರ್ತದ, ಡ್ರೈವರ್ ಬೀಡಿ ಸೇದ್ಲತಾನ, "ಏನೋ ದಾರ ಬಂತ್ರಿ, ಹರದೆ" ಅಂತಾನ. ದಾರ!

ಅಗಿಯೋ ಮುಂಚೆ ತಿಳಿಸೋದಕ್ಕ ಅಂತ 2023 ಮಾರ್ಚ್‌ನಾಗ ಪ್ರಧಾನಿಗಳು 'ಕಾಲ್ ಬಿಫೋರ್ ಯು ಡಿಗ್' ಅನ್ನೋ ಆ್ಯಪ್ ಬಿಟ್ರು. ನಮ್ಮ ತಾಲೂಕಿನ ಗುತ್ತಿಗೆದಾರರಿಗಿ ಅದ್ರ ಹೆಸ್ರು ಕೇಳಿ ನೋಡ್ರಿ, ಯಾವ ಸಿನಿಮಾ ಅಂತಾರ.

ಸುರಪುರ_ಅಕ್ಕ:
ಕಾಕಾ, ಡ್ರೈವರ್‌ನ ಬೈದು ಏನ್ ಬಂತ್ರಿ, ಅವನಿಗಿ ನಕ್ಷೆ ಕೊಟ್ಟೋರು ಯಾರು? ನಾ ಒಂದು ಅವಧಿ ಪಂಚಾಯಿತಿ ಸದಸ್ಯೆ ಇದ್ದಾಕಿ. ಕೇಬಲ್ ಎಲ್ಲಿ ಹೋಗ್ಯದ ಅಂತ ಒಂದು ಹಾಳಿ ನಮ್ಮ ಪಂಚಾಯಿತಿ ಕಪಾಟಿನಾಗ ಎಂದೂ ಇರ್ಲಿಲ್ಲ. ಪಂಚಾಯಿತಿಗಿ ಇಂಟರ್ನೆಟ್ ಕೊಡೋ ಭಾರತ್‌ನೆಟ್ ಪೆಟ್ಟಿಗಿ ಮಾತ್ರ ಇತ್ತು, ಮ್ಯಾಲ ಹಸಿರು ದೀಪ ಮಿಣಕ್ ಮಿಣಕ್. 2011 ಅಕ್ಟೋಬರ್‌ನಾಗ ಮಂಜೂರಾದ ಯೋಜನೆ ಅದು, 2023ರಾಗ ಮತ್ತ 1.39 ಲಕ್ಷ ಕೋಟಿ ಇಟ್ಟು ತಿದ್ದುಪಡಿ ಮಾಡ್ಯಾರ, ನಮ್ಮ ಪೆಟ್ಟಿಗಿ ಮ್ಯಾಲ ಗ್ರಾಮಸಭೆಯ ಹಾರ ಒಣಗಲಿಕ್ಕಿ ಹಾಕ್ತಿದ್ರು.

ಇನ್ನೊಂದು ಯಾದಗಿರಿಯೋರ ಹೊಟ್ಟಿ ಉರಿ ಹೇಳ್ತೀನಿ. ನಮ್ಮದು ಮಹತ್ವಾಕಾಂಕ್ಷಿ ಜಿಲ್ಲೆ ಅಂತ ಕೇಂದ್ರದ ಪಟ್ಟಿಯಾಗ ಅದ, ಕರ್ನಾಟಕದಾಗ ನಾವು ಮತ್ತ ರಾಯಚೂರು ಎರಡೇ. 2021 ನವೆಂಬರ್‌ನಾಗ ಅಂಥಾ ಜಿಲ್ಲೆಗಳ ನೆಟ್ವರ್ಕ್ ಇಲ್ಲದ 7,287 ಹಳ್ಳಿಗಿ 4ಜಿ ಕೊಡ್ತೀವಿ ಅಂತ 6,466 ಕೋಟಿ ಮಂಜೂರಾಯ್ತು. 44 ಜಿಲ್ಲೆ. ಖುಷಿಲೆ ಓದಿದ್ರ ಆಂಧ್ರ, ಛತ್ತೀಸಗಡ, ಝಾರ್ಖಂಡ್, ಮಹಾರಾಷ್ಟ್ರ, ಒಡಿಶಾ ಐದೇ ರಾಜ್ಯ. ನಾವು ಹಿಂದುಳಿದೀವಿ ಅನ್ಲಿಕ್ಕಿ ಪಟ್ಟಿಯಾಗ ಬೇಕು, ಬಡಿಸೋ ಮುಂದ ಪಂಕ್ತಿಯಾಗ ಬ್ಯಾಡ. ಆಮ್ಯಾಲ 2022 ಜುಲೈದಾಗ 26,316 ಕೋಟಿದು ಇಡೀ ದೇಶದ 24,680 ಹಳ್ಳಿ ಯೋಜನೆ ಬಂತು ಅದು ಬ್ಯಾರೆ.

ಹಿಂಗಾಗಿ ತಮ್ಮಾ, ಶಾಸಕರಿಗಿ ಕೊಡೋ ಮನವಿಯ ಒಂದು ನಕಲು ಸಂಸದರಿಗೂ ಕೊಡು. ಕಂಪನಿಗಳ ಆದಾಯದಾಗ ಶೇ 5 ಹಳ್ಳಿ ಸಲುವಾಗೇ ಅಂತ ಕಟ್ ಆಗಿ ಒಂದು ನಿಧಿಗಿ ಹೋಗ್ತದ, ಹೊಸ ಕಾಯ್ದೆಯಾಗ ಅದಕ್ಕ ಡಿಜಿಟಲ್ ಭಾರತ ನಿಧಿ ಅಂತ ಹೆಸ್ರು ಬದಲ್ ಮಾಡ್ಯಾರ. ಕೇಳೋದಿದ್ರ ಅದ್ರಾಗಿಂದ ಕೇಳಬೇಕು.

ತೊಗರಿ_ಬ್ಯಾಳಿ:
ಹೆಸ್ರು ಬದಲ್ ಮಾಡೋದ್ರಾಗ ನಾವು ಎತ್ತಿದ ಕೈ ಅಕ್ಕಾ. ಗುಲ್ಬರ್ಗಾ ಕಲಬುರಗಿ ಆಗಿ 2014ಕ್ಕೇ ಮುಗೀತು, ನನ್ನ ಕರೆಂಟ್ ಬಿಲ್ಲಿಗಿ ಬರೋ ಮೆಸೇಜು ಇನ್ನೂ ಗುಲ್ಬರ್ಗಾದಾಗೇ ಅದ.

ಔರಾದ_ಗಡಿ:
ನೀವೆಲ್ಲ ನೆಟ್ವರ್ಕ್ ಇಲ್ಲ ಅಂತ ಅಳ್ಲತೀರಿ, ನಮಗ ಮೂರು ರಾಜ್ಯದ್ದು ಬರ್ತದ ನೋಡ್ರಿ. ಔರಾದ ಕಮಲನಗರ ಕಡಿ ಹೊಲದ ಈ ಬದುವಿನ ಮ್ಯಾಲ ನಿಂತ್ರ ಕರ್ನಾಟಕ, ಆ ಬದುವಿಗಿ ಹೋದ್ರ ಉದಗೀರ ಟವರ್ ಹಿಡದು ಮಹಾರಾಷ್ಟ್ರಕ್ಕ ಸ್ವಾಗತ ಅಂತ ಮೆಸೇಜು. ಹಿಂದ ರೋಮಿಂಗ್ ಇದ್ದಾಗ ನಮ್ಮ ಮುತ್ಯಾ ಎಮ್ಮಿ ಹೊಡ್ಕೊಂಡು ಹೋಗಿ ಬರೋದ್ರಾಗ ಬ್ಯಾಲೆನ್ಸ್ ಖಾಲಿ, ಮನಿಗಿ ಬಂದು ನಮ್ಮನ್ನೇ ಬೈತಿದ್ದ, ಯಾರು ಮಾತಾಡಿದ್ರೋ ನನ್ನ ಫೋನಿಲೆ ಅಂತ. 2015 ಜುಲೈ 3ರಿಂದ ನಂಬರ್ ಬದಲ್ ಮಾಡದೇ ರಾಜ್ಯ ದಾಟಿ ಪೋರ್ಟ್ ಮಾಡ್ಲಿಕ್ಕಿ ಬಿಟ್ರಲ್ಲ, ಆಮ್ಯಾಲ ಜರಾ ಆರಾಮ ಆಯ್ತು.

ಅದಕ್ಕೇ ಕೇಳ್ತೀನಿ, ಒಂದೊಂದು ರಾಜ್ಯ ಒಂದೊಂದು ಟೆಲಿಕಾಂ ಕಾಯ್ದೆ ಮಾಡಿದ್ರ ಗಡಿ ಮ್ಯಾಲ ಇರೋ ನಮ್ಮ ಗತಿ ಏನು? ಇತ್ತ ಜಹೀರಾಬಾದಿಗೊಂದು ಕಾನೂನು ಅತ್ತ ಉದಗೀರಕೊಂದು. ಕೇಂದ್ರದ ಕೈಯಾಗ ಇರೋದೇ ಬರಾಬರ್ ಅದ ನನ್ನ ಲೆಕ್ಕದಾಗ.

ಬೆಂಗ್ಳೂರು_ಸೇರಿದ_ಬೀದರ್:
ಒಂದು ವಿಷಯ ಯಾರೂ ಎತ್ತಲಿಲ್ಲ. ರಾಜ್ಯ ಸರ್ಕಾರಕ್ಕೆ ಟೆಲಿಕಾಂ ಕಾಯ್ದೆಯಲ್ಲಿ ಒಂದು ದೊಡ್ಡ ಅಧಿಕಾರ ನಿಜವಾಗ್ಲೂ ಇದೆ, ಅದು ನೆಟ್ ಬಂದ್ ಮಾಡೋದು! 2023ರ ಕಾಯ್ದೆಯ 20ನೇ ಕಲಂ, ಸಾರ್ವಜನಿಕ ತುರ್ತು ಅಥವಾ ಸುರಕ್ಷತೆ ಅಂತ ಕಾರಣ ಕೊಟ್ಟು ಕೇಂದ್ರನೂ ನಿಲ್ಲಿಸಬಹುದು ರಾಜ್ಯನೂ ನಿಲ್ಲಿಸಬಹುದು. ಟವರ್ ಹಾಕ್ಸೋಕೆ ಆಗಲ್ಲ, ಇರೋ ಟವರ್ ಆಫ್ ಮಾಡ್ಸೋಕೆ ಆಗುತ್ತೆ, ಹೆಂಗಿದೆ ನೋಡಿ.

ಕರಿಕೋಟು_ಕಲಬುರಗಿ:
ಇದು ಮಾತು ಅಂದ್ರ. ಆದ್ರ ಅದಕ್ಕೂ ಮೂಗುದಾರ ಅದ. 2020 ಜನವರಿ 10ಕ್ಕ ಅನುರಾಧಾ ಭಸಿನ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳ್ತು, ನೆಟ್ ಬಂದ್ ಮಾಡೋ ಆದೇಶ ಬಹಿರಂಗ ಮಾಡಬೇಕು, ದಿನ ಗೊತ್ತಿಲ್ಲದಂಗ ಬಂದ್ ಇಡ್ಲಿಕ್ಕಿ ಬರಂಗಿಲ್ಲ ಅಂತ. 2024 ನವೆಂಬರ್‌ನಾಗ ಹೊಸ ನಿಯಮ ಬಂದದ, ಒಂದು ಆದೇಶ 15 ದಿನ ದಾಟಂಗಿಲ್ಲ, ಕಾರಣ ಬರವಣಿಗಿಯಾಗ ಇರಬೇಕು, ರಾಜ್ಯದಾಗ ಗೃಹ ಇಲಾಖೆ ಕಾರ್ಯದರ್ಶಿ ಸಹಿ ಬೇಕು, ಮುಖ್ಯ ಕಾರ್ಯದರ್ಶಿ ಸಮಿತಿ ಐದು ದಿನದೊಳಗ ಕೂತು ಅದನ್ನ ನೋಡಬೇಕು. ಜಿಲ್ಲಾ ಮಟ್ಟದಾಗ ಯಾರೋ ಫೋನ್ ಎತ್ತಿ "ಬಂದ್ ಮಾಡ್ರಿ" ಅನ್ನೋದು ಕಾನೂನಲ್ಲ.

ತೊಗರಿ_ಬ್ಯಾಳಿ:
ಬಜಾರದಾಗ ಒಂದು ತಾಸು ನೆಟ್ ಹೋದ್ರ ಏನಾಗ್ತದ ಗೊತ್ತಾ, ತೊಗರಿ ಸೀಜನ್ನಾಗ ಎಪಿಎಂಸಿಗಿ ಬಂದು ನೋಡ್ರಿ. ರೊಕ್ಕ ಎಲ್ಲ ಫೋನಿನಾಗ, ಹಮಾಲಿಗಿ ಕೊಡ್ಲಿಕ್ಕಿ ಐವತ್ತು ರೂಪಾಯಿ ನೋಟ್ ಯಾರ ಕಿಸೆದಾಗೂ ಇಲ್ಲ.

ಸರಿ ನನ್ನದೊಂದು ಪುರಾಣ ಕೇಳ್ರಿ. ನಮ್ಮ ಮನಿ ಮಾಳಿಗಿ ಮ್ಯಾಲ ಟವರ್ ಅದ. ಅಪ್ಪ ಇದ್ದಾಗ ಕರಾರು ಮಾಡಿದ್ದು, ಇಂಗ್ಲಿಷಿನಾಗ ಇಷ್ಟು ದಪ್ಪ ಕಟ್ಟು, ಅಪ್ಪ ಓದ್ದೇ ಸಹಿ ಹಾಕ್ಯಾರ. ಐದು ವರ್ಷ ಬಾಡಿಗಿ ಬಂತು, ಆಮ್ಯಾಲ ಒಂದು ಕಂಪನಿ ಇನ್ನೊಂದರಾಗ ಕೂಡ್ಕೊಂತು, ಬಾಡಿಗಿ ನಿಂತ್ತು, ಕೇಳಿದ್ರ ಆ ಆಫೀಸು ಈ ಆಫೀಸು. ಟವರ್ ಮಾತ್ರ ನಮ್ಮ ತಲಿ ಮ್ಯಾಲೇ ಅದ. ಕಟ್ ಮಾಡಿ ಗುಜರಿಗಿ ಹಾಕ್ತೀನಿ ಅಂದ್ರ ತಮ್ಮ ಬ್ಯಾಡ ಅಂತಾನ. ಇದ್ರಾಗ ಓಣಿಯ ಮಂದಿ ಬ್ಯಾರೆ, ನಿಮ್ಮ ಟವರಿಂದ ಕ್ಯಾನ್ಸರ್ ಬರ್ತದ ತಗೀರಿ ಅಂತ. ಅವರೇ ಸಂಜೀಕ ಬಂದು ನಿಮ್ಮ ಮನಿ ಮುಂದ ಸಿಗ್ನಲ್ ಛಲೋ ಅದ ಅಂತ ಕಟ್ಟಿ ಮ್ಯಾಲ ಕುಂತು ವಿಡಿಯೋ ನೋಡ್ತಾರ.

ಕರಿಕೋಟು_ಕಲಬುರಗಿ:
ಕಟ್ ಮಾಡಬ್ಯಾಡ ಮಾರಾಯ, ಕೇಸು ನಿನ್ನ ಮ್ಯಾಲೇ ಬೀಳ್ತದ. ಹೊಸ ಕಾಯ್ದೆ 14ನೇ ಕಲಂ ಪ್ರಕಾರ ನಿನ್ನ ಜಾಗದ ಮ್ಯಾಲ ಕಂಪನಿಗಿ ಮಾಲೀಕತ್ವ ಬರಂಗಿಲ್ಲ, ಬರೀ ಬಳಸೋ ಹಕ್ಕು. ಹಂಗೇ ಟವರೂ ನಿನ್ನ ಆಸ್ತಿಯ ಭಾಗ ಅಲ್ಲ. ಬಾಡಿಗಿ ಬಾಕಿಗಿ ಕರಾರಿನ ಮ್ಯಾಲ ನೋಟಿಸು ಕೊಡು. ಕಟ್ಟು ತಗೊಂಡು ಬಾ, ಮಧ್ಯಸ್ಥಿಕೆ ಕಲಂ ಎಲ್ಲೋ ಹಿಂದಿನ ಪುಟದಾಗ ಇರ್ತದ.

ರೇಡಿಯೇಷನ್ ವಿಚಾರ, ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು ಅಷ್ಟೇ ಇರಬೇಕು ಅಂತ 2012 ಸೆಪ್ಟೆಂಬರ್ 1ರಿಂದ ನಮ್ಮ ದೇಶದಾಗ ನಿಯಮ ಅದ. ಅನುಮಾನ ಇದ್ದೋರು ತರಂಗ ಸಂಚಾರ ಪೋರ್ಟಲ್‌ನಾಗ ಫೀ ಕಟ್ಟಿ ಅಳತಿ ಮಾಡಿಸ್ಬಹುದು. ಓಣಿಯೋರಿಗಿ ಹೇಳು, ವರ್ಗಣಿ ಕೂಡ್ಸಲಿ.

ಸುರಪುರ_ಅಕ್ಕ:
ವಕೀಲ್ರ, ಟವರ್ ಆಸ್ತಿಯ ಭಾಗ ಅಲ್ಲ ಅಂದ್ರ ಪಂಚಾಯಿತಿ ತೆರಿಗಿ ಏನ್ ಆಗ್ಬೇಕ್ರಿ? ನಾವು ಆಗ ನೋಟಿಸ್ ಕೊಟ್ಟಿದ್ವಿ, ಟವರಿಗಿ ತೆರಿಗಿ ಕಟ್ರಿ ಅಂತ.

ಕರಿಕೋಟು_ಕಲಬುರಗಿ:
ಬಂತು ನೋಡ್ರಿ ಖರೇ ಜಗಳ. 2016 ಡಿಸೆಂಬರ್ 16ಕ್ಕ ಸುಪ್ರೀಂ ಕೋರ್ಟ್ ಅಹಮದಾಬಾದ್ ಪಾಲಿಕೆ ಪ್ರಕರಣದಾಗ ಮೊಬೈಲ್ ಟವರ್ ಅಂದ್ರ ಕಟ್ಟಡ, ರಾಜ್ಯ ಪಟ್ಟಿಯ 49ನೇ ನಮೂದಿನ ಕೆಳಗ ತೆರಿಗಿ ಹಾಕ್ಬಹುದು ಅಂತು. 2024 ನವೆಂಬರ್ 20ಕ್ಕ ಅದೇ ಕೋರ್ಟು ಕೇಂದ್ರದ ತೆರಿಗಿ ಕ್ರೆಡಿಟ್ ಲೆಕ್ಕದಾಗ ಟವರ್ ಅಂದ್ರ ಬಿಚ್ಚಿ ಒಯ್ಯೋ ಚರ ಸಾಮಾನು ಅಂತು. ನಡುವ 14ನೇ ಕಲಂ ಬಂದು ಜಾಗದ ಆಸ್ತಿ ತೆರಿಗಿ ಲೆಕ್ಕಕ್ಕ ಟವರ್ ಹಿಡೀಬ್ಯಾಡ್ರಿ ಅಂತದ. ಒಂದೇ ಕಬ್ಬಿಣ, ಪಂಚಾಯಿತಿಗಿ ಮನಿ, ಕೇಂದ್ರದ ತೆರಿಗಿಗಿ ಸಾಮಾನು, ಹೊಸ ಕಾಯ್ದಿಗಿ ಏನೂ ಅಲ್ಲ. ನನ್ನಂಥೋರ ಮಕ್ಕಳ ಫೀ ಇದ್ರಾಗೇ ಹುಟ್ಟತದ. ರಾಜ್ಯ ಏನಾರ ಕಾನೂನು ಮಾಡೋದಿದ್ರ ಇಲ್ಲೇ ಮಾಡಬೇಕು, ತನ್ನ ಪಂಚಾಯಿತಿ, ಪಾಲಿಕೆ ಕಾಯ್ದೆಯಾಗ.

ಫೈಬರ್_ಕಾಕಾ:
ಟವರ್ ಅಂದ ಕೂಡಲೇ ನೆನಪಾಯ್ತು. ಹುಡುಗರ, ಮನವಿಯಾಗ ಫೋನ್ ನಂಬರ್ ಬರ್ದು ವಾಟ್ಸಾಪ್ ಗ್ರೂಪಿಗೆಲ್ಲ ಹಾಕಬ್ಯಾಡ್ರಿ. ನಿಮ್ಮ ಹೊಲದಾಗ ಟವರ್ ಹಾಕ್ತೀವಿ, ತಿಂಗಳಿಗಿ ಇಷ್ಟು ಬಾಡಿಗಿ, ಮನ್ಯಾಗ ಒಬ್ಬರಿಗಿ ನೌಕರಿ, ಮೊದಲು ಫೈಲ್ ಚಾರ್ಜ್ ಕಳಸ್ರಿ ಅಂತ ಫೋನ್ ಬರ್ತಾವ. ನಮ್ಮ ಬೀಗರೊಬ್ಬರು ಎಮ್ಮಿ ಮಾರಿ ಕಟ್ಟ್ಯಾರ. ಟೆಲಿಕಾಂ ನಿಯಂತ್ರಣ ಮಾಡೋ ಟ್ರಾಯ್ ಆಗ್ಲಿ ದೂರಸಂಪರ್ಕ ಇಲಾಖೆ ಆಗ್ಲಿ ಟವರ್ ಹಾಕ್ಸಲಿಕ್ಕಿ ಯಾರ ಕಡಿಂದೂ ರೊಕ್ಕ ತಗೊಳ್ಳಂಗಿಲ್ಲ, ಎನ್‌ಒಸಿ ಪತ್ರ ಕೊಡಂಗಿಲ್ಲ. ರೊಕ್ಕ ಹೋಗಿತ್ತಂದ್ರ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹೊಡೀರಿ.

ಔರಾದ_ಗಡಿ:
ಕಂಪನಿ ಸರ್ವಿಸ್ ಖರಾಬ್ ಇದ್ರ ಗ್ರಾಹಕ ಕೋರ್ಟಿಗಿ ಹೋಗ್ಲಿಕ್ಕಿ ಬರ್ತದೇನ್ರಿ ವಕೀಲ್ರ? ಹಿಂದ ಬೀದರದಾಗ ಕೇಳಿದ್ರ ಬರಂಗಿಲ್ಲ ಅಂದಿದ್ರು.

ಕರಿಕೋಟು_ಕಲಬುರಗಿ:
ಹಿಂದ ಬರ್ತಿರ್ಲಿಲ್ಲ, 2009ರ ಒಂದು ತೀರ್ಪು ಅಡ್ಡ ಇತ್ತು. 2022 ಫೆಬ್ರವರಿಯಾಗ ಸುಪ್ರೀಂ ಕೋರ್ಟೇ ಬರ್ತದ ಅಂದದ, ಹೊಸ ಕಾಯ್ದೆಯಾಗೂ ಗ್ರಾಹಕರ ಆ ಹಕ್ಕು ಉಳಿಸ್ಯಾರ. ಮೊದಲು ಕಂಪನಿಗಿ ದೂರು, ಆ ಡಾಕೆಟ್ ನಂಬರ್ ಜೋಪಾನ ಇಡ್ರಿ, ಆಮ್ಯಾಲ ಅಲ್ಲೇ ಇರೋ ಮೇಲ್ಮನವಿ. ಟ್ರಾಯ್‌ಗಿ ಒಬ್ಬೊಬ್ಬರ ದೂರು ಬರೀಬ್ಯಾಡ್ರಿ, ಅದು ಅಂಥಾ ದೂರು ನೋಡಂಗಿಲ್ಲ.

ಬೆಂಗ್ಳೂರು_ಸೇರಿದ_ಬೀದರ್:
@ಚಿಂಚೋಳಿ_ಹುಡುಗ ಹಾಗಾದ್ರೆ ಮನವಿ ಹೀಗೆ ಬದಲಾಯಿಸಿ. ಕಾಯ್ದೆ ತಿದ್ದಿ ಅನ್ನೋದು ತೆಗೀರಿ. ಶಾಸಕರಿಗೆ ನಮ್ಮೂರ ಟವರ್ ಅರ್ಜಿ ಯಾವ ದಿನ ಬಂತು, ಯಾರ ಹತ್ರ ಇದೆ ಅಂತ ಉತ್ತರ ಕೊಡ್ಸಿ ಅಂತ ಕೇಳಿ. 2022ರಲ್ಲಿ ಬಂದ ಗತಿಶಕ್ತಿ ಸಂಚಾರ ಪೋರ್ಟಲ್‌ನಲ್ಲಿ ಕಂಪನಿಯವರು ಅರ್ಜಿ ಹಾಕಿರ್ತಾರೆ, ಅವರತ್ರನೇ ಅರ್ಜಿ ನಂಬರ್ ಕೇಳಿ, ಆಮೇಲೆ ಮಾಹಿತಿ ಹಕ್ಕಲ್ಲಿ ಹಾಕಿ.

ಸುರಪುರ_ಅಕ್ಕ:
ಮತ್ತ ಮೇಟ್ ಹೆಣ್ಮಗಳ ಹೆಸರಿಲೆ ಒಂದು ಬ್ಯಾರೆ ಅರ್ಜಿ ಕೊಡ್ಸು, ಫೋಟೋ ಏರದ ದಿನದ ಕೂಲಿ ಬಗ್ಗಿ. ಅದು ಟೆಲಿಕಾಂ ಅಲ್ಲ, ಪಿಡಿಒ ಮತ್ತ ತಾಲೂಕು ಪಂಚಾಯಿತಿ ಇಒ ಕೆಲಸ, ಟವರ್ ಬರೋ ತನಕ ಕಾಯಬೇಕಿಲ್ಲ. ಕೂಲಿ ಹೋದ ದಿನ ಎಲ್ಲ ತಾರೀಕಿನ ಸಮೇತ ಬರೀರಿ.

ಚಿಂಚೋಳಿ_ಹುಡುಗ:
ಭಾಳ ಉಪಕಾರ ಆಯ್ತ್ರಿ ಎಲ್ಲರದೂ. ಹಳೇ ಮನವಿ ಹರದು ಒಲಿಗಿ ಹಾಕ್ದೆ. ಮೂರು ಬ್ಯಾರೆ ಬ್ಯಾರೆ ಬರ್ಲತೀವಿ, ಒಂದು ಶಾಸಕರಿಗಿ, ಒಂದು ಸಂಸದರಿಗಿ ಡಿಜಿಟಲ್ ಭಾರತ ನಿಧಿದು, ಒಂದು ಇಒ ಸಾಹೇಬ್ರಿಗಿ ಕೂಲಿದು. ಮೇಟ್ ಅಕ್ಕನ ಕಡಿ ಒಂದು ನೋಟ್‌ಬುಕ್ ಅದ, ಏರದ ದಿನಕ್ಕೆಲ್ಲ ಕೆಂಪು ಪೆನ್ನಿಲೆ ಗುಂಡು ಸುತ್ತ್ಯಾಳ, ಹತ್ತೊಂಬತ್ತು ದಿನ ಅವ. ಕಾಡಿನ ಗಡಿ ನೋಡ್ಲಿಕ್ಕಿ ನಾಳಿ ಸರ್ವೇ ನಂಬರ್ ತಗೊಂಡು ಚಿಂಚೋಳಿಗಿ ಹೊಂಟೀನಿ. ಮಾವ ಮತ್ತ ನಗ್ಲತಾರ, ಈ ಸಲ ಯಾಕಂತ ಹೇಳವಲ್ರು.

ಕರಿಕೋಟು ಸರ್, ಕರಡು ಬರ್ದ ಮ್ಯಾಲ ಫೋಟೋ ಹಾಕ್ತೀನಿ ನೋಡ್ರಿ. ಇವತ್ತಲ್ಲ, ಟಾಕಿ ಬುಡಕ ರೇಷನ್ ಸಾಲು ಅದ, ನಿಲ್ಲಲಿಕ್ಕಿ ಜಾಗ ಇಲ್ಲ.

ಫೈಬರ್_ಕಾಕಾ:
ಚಿಂಚೋಳಿಗಿ ಹೋದ್ರ ಮಧ್ಯಾಹ್ನದೊಳಗ ಹೋಗು. ಊಟ ಆದ ಮ್ಯಾಲ ಸರ್ವೇದೋರು ಫೀಲ್ಡಿಗಿ ಹೋಗ್ಯಾರ ಅಂತಾರ.